ಬೆಳಕು ಬಿದ್ದರೆ ಕಾಣುವ ನಕ್ಷತ್ರ

ಡಿಸೆಂಬರ್ ತಿಂಗಳಲ್ಲಿ ಜರ್ಮನಿಯ ಹಗಲು ಬಹಳ ಚಿಕ್ಕದು. ದಕ್ಷಿಣದ ಸ್ಟುಟ್‌ಗಾರ್ಟ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಬರ್ಲಿನ್‌ನಲ್ಲಿ ನಾಲ್ಕಕ್ಕೂ ಮುಂಚೆಯೇ. ಆ ಕತ್ತಲಲ್ಲಿ ಬೀದಿ ಹಿಡಿದು ಹೋಗುವವರು ಶಿಶುವಿಹಾರ ಯಾವುದೆಂದು ತಿಳಿಯಲು ಬೋರ್ಡು ಹುಡುಕಬೇಕಾಗಿಲ್ಲ. ಕಿಟಕಿಯ ಗಾಜಿನ ಮೇಲೆ ಹಳದಿ, ಕೆಂಪು, ನೀಲಿ ಕಾಗದದ ನಕ್ಷತ್ರಗಳು ಒಳಗಿನ ದೀಪಕ್ಕೆ ಹೊಳೆಯುತ್ತಿರುತ್ತವೆ. ಬೆಳಗಾದ ಮೇಲೆ ಅವೇ ನಕ್ಷತ್ರಗಳು ಹೊರಗಿನ ಬೆಳಕಿಗೆ ಕೋಣೆಯೊಳಗಿನ ಮಕ್ಕಳಿಗೆ ಕಾಣುತ್ತವೆ. ಅವನ್ನು ಮಡಿಸಿ ಅಂಟಿಸಿದವರೂ ಆ ಮಕ್ಕಳೇ.

ಇದು ಅಲ್ಲಿ ಕ್ರಿಸ್‌ಮಸ್ ಕಾಲಕ್ಕೆ ಮಾತ್ರ ಸೀಮಿತವಾದ ಅಲಂಕಾರವಲ್ಲ. ಶರತ್ಕಾಲದಲ್ಲಿ ಉದುರಿದ ಎಲೆಗಳನ್ನು ಮೇಣದ ಕಾಗದದ ನಡುವೆ ಇಟ್ಟು, ದೊಡ್ಡವರ ಕೈಯಲ್ಲಿ ಇಸ್ತ್ರಿ ಮಾಡಿಸಿ, ಗಾಜಿಗೆ ಅಂಟಿಸುತ್ತಾರೆ. ನವೆಂಬರ್ 11ರ ಸಂತ ಮಾರ್ಟಿನ್ ದಿನಕ್ಕೆ ನಕ್ಷತ್ರದ ತೆಳು ಕಾಗದದಿಂದಲೇ ಲಾಂದ್ರ ಮಾಡಿ, ಹಾಡುತ್ತ ಮೆರವಣಿಗೆ ಹೋಗುತ್ತಾರೆ. ವಸಂತ ಬಂದರೆ ನಕ್ಷತ್ರಗಳ ಜಾಗಕ್ಕೆ ಚಿಟ್ಟೆ, ಹೂವು ಬರುತ್ತವೆ. ಕಿಟಕಿ ನೋಡಿ ಋತು ಹೇಳಬಹುದು.

ಈ ನಕ್ಷತ್ರಕ್ಕೆ ಬಳಸುವುದು ಗಾಳಿಪಟದ ಕಾಗದ. ತೆಳುವಾದರೂ ಮಡಿಕೆ ಗಟ್ಟಿಯಾಗಿ ನಿಲ್ಲುತ್ತದೆ, ಬೆಳಕು ಅದರೊಳಗಿಂದ ಹಾದುಬರುತ್ತದೆ. ಮೇಜಿನ ಮೇಲಿಟ್ಟರೆ ಹಳದಿ ನಕ್ಷತ್ರ ಬರೀ ಹಳದಿ. ಅಂಥ ವಿಶೇಷವೇನೂ ಕಾಣದು. ಗಾಜಿಗೆ ಹಚ್ಚಿದಾಗ ಒಂದೊಂದು ಪದರವೂ ಬೇರೆಯಾಗಿ ಕಾಣತೊಡಗುತ್ತದೆ. ಒಂದು ಪದರವಿದ್ದಲ್ಲಿ ತಿಳಿ ಹಳದಿ, ಎರಡಾದಲ್ಲಿ ಗಾಢ, ನಾಲ್ಕಾದಲ್ಲಿ ಹೆಚ್ಚುಕಡಿಮೆ ಕಿತ್ತಳೆ. ಕತ್ತರಿ ಮುಟ್ಟದೆ, ಬಣ್ಣ ಬಳಿಯದೆ ಒಂದೇ ಬಣ್ಣದ ಕಾಗದದಿಂದ ಮೂರು ನಾಲ್ಕು ಛಾಯೆಗಳ ವಿನ್ಯಾಸ ಹುಟ್ಟುತ್ತದೆ. ಮಗು ಮಡಿಸಿದ್ದು ಕಾಗದವನ್ನು. ಗಾಜಿನ ಮೇಲೆ ಅದಕ್ಕೆ ಸಿಕ್ಕಿದ್ದು ತಾನು ಊಹಿಸಿರದ ಚಿತ್ರ. ಈ ಕಲೆ ಚಿಕ್ಕ ಮಕ್ಕಳಿಗೆ ಇಷ್ಟು ಒಗ್ಗುವುದು ಇದಕ್ಕೇ ಎಂದು ನನ್ನ ನಂಬಿಕೆ. ಚಿತ್ರ ಬಿಡಿಸಲು ಬಾರದ ಮಗು ಎಂಬುದು ಇಲ್ಲಿ ಇಲ್ಲ.

ಇದರ ಬೇರು ಹುಡುಕಿದರೆ ಫ್ರೀಡ್ರಿಶ್ ಫ್ರೋಬೆಲ್ ಸಿಗುತ್ತಾರೆ. ನಮ್ಮಲ್ಲಿ ಬಿ.ಎಡ್. ಓದಿದವರಿಗೆಲ್ಲ ಈ ಹೆಸರು ಗೊತ್ತು, ಆದರೆ ಪರೀಕ್ಷೆಯ ಉತ್ತರವಾಗಿ. 1782ರಲ್ಲಿ ಹುಟ್ಟಿದ ಫ್ರೋಬೆಲ್ ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ಶಿಕ್ಷಣದ ಪ್ರಯೋಗಗಳಿಗೆ ಪೂರ್ತಿಯಾಗಿ ಇಳಿಯುವ ಮುನ್ನ ಅವರು ಬರ್ಲಿನ್‌ನಲ್ಲಿ ಹರಳುಗಳ ವಿಜ್ಞಾನಿ ಕ್ರಿಸ್ಟಿಯಾನ್ ವೈಸ್ ಅವರ ಕೈಕೆಳಗೆ ಖನಿಜ ಸಂಗ್ರಹಾಲಯದಲ್ಲಿ ಕೆಲಸ ಮಾಡಿದ್ದರು. ಒಂದು ಹರಳು ಕೆಲವೇ ನಿಯಮಗಳಿಂದ, ಒಳಗಿನಿಂದ ಹೊರಕ್ಕೆ ಬೆಳೆಯುತ್ತ ಅಷ್ಟು ಸೊಗಸಾದ ಆಕಾರ ಪಡೆಯುವುದು ಅವರ ಮನಸ್ಸನ್ನು ಹಿಡಿದಿತ್ತು. 1837ರಲ್ಲಿ ಥುರಿಂಗಿಯಾದ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಅವರು ಶುರುಮಾಡಿದ ಸಂಸ್ಥೆಯೇ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಪಡೆಯಿತು. ಉಣ್ಣೆಯ ಚೆಂಡು, ಮರದ ತುಂಡುಗಳ ಜೊತೆಗೆ ಅಲ್ಲಿ ಮಕ್ಕಳ ಕೈಗೆ ಬಂದದ್ದು ಚೌಕಾಕಾರದ ಕಾಗದ. ಅದನ್ನು ಮಡಿಸುವುದು, ಕತ್ತರಿಸುವುದು, ಹೆಣೆಯುವುದು, ಸೂಜಿಯಿಂದ ಚುಚ್ಚುವುದು ಎಲ್ಲವೂ ದಿನದ ಕೆಲಸಗಳು. ಒಂದೇ ಕಾಗದದಿಂದ ದೋಣಿಯಂಥ ಬದುಕಿನ ವಸ್ತುಗಳು, ನಕ್ಷತ್ರದಂಥ ಚೆಲುವಿನ ಆಕಾರಗಳು, ತ್ರಿಕೋನದಂಥ ತಿಳಿವಳಿಕೆಯ ಆಕಾರಗಳು ಮೂಡಬೇಕೆಂಬುದು ಅವರ ಕ್ರಮ. ಕಿಟಕಿಯ ನಕ್ಷತ್ರದಲ್ಲಿ ಕೊನೆಯ ಎರಡೂ ಸೇರಿಕೊಂಡಿವೆ.

ಪ್ರಷ್ಯಾ ಸರ್ಕಾರ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ನಾಸ್ತಿಕತೆ ಮತ್ತು ಸಮಾಜವಾದವನ್ನು ಮಕ್ಕಳ ತಲೆಗೆ ತುಂಬುತ್ತಾರೆಂಬ ಆರೋಪ. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವರ ಶಿಷ್ಯೆಯರು ಈ ಪದ್ಧತಿಯನ್ನು ಬೇರೆ ದೇಶಗಳಿಗೆ ಒಯ್ದಾಗಿತ್ತು.

ಅದು ಎಷ್ಟು ದೂರ ಹೋಯಿತು ಎಂಬುದಕ್ಕೆ ನನಗೆ ತುಂಬ ಪ್ರಿಯವಾದ ಒಂದು ಉದಾಹರಣೆ ಅಮೆರಿಕದಲ್ಲಿದೆ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಫ್ರೋಬೆಲ್ ಸಾಮಗ್ರಿ ಕಂಡ ತಾಯಿಯೊಬ್ಬರು ಅದನ್ನು ತಮ್ಮ ಮಗನಿಗೆ ತಂದುಕೊಟ್ಟರು. ಆ ಹುಡುಗ ಮುಂದೆ ದೊಡ್ಡ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. 1912ರಲ್ಲಿ ಶಿಕಾಗೊ ಬಳಿಯ ರಿವರ್‌ಸೈಡ್‌ನಲ್ಲಿ ಕೂನ್ಲಿ ದಂಪತಿಗಾಗಿ ಅವರು ಒಂದು ಪುಟ್ಟ ಶಿಶುವಿಹಾರ ಕಟ್ಟಿದರು. ಅದರ ಕಿಟಕಿಗಳಲ್ಲಿ ಬಲೂನು, ಬಾವುಟ, ಮೆರವಣಿಗೆಯಲ್ಲಿ ತೂರುವ ಬಣ್ಣದ ಚೂರುಗಳನ್ನು ನೆನಪಿಸುವ ವೃತ್ತ ಮತ್ತು ಚೌಕಗಳನ್ನು ಬಣ್ಣದ ಗಾಜಿನಲ್ಲಿ ಕೂರಿಸಿದರು. ಅವುಗಳಲ್ಲಿ ಮೂರು ಭಾಗದ ಒಂದು ಕಿಟಕಿ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಜರ್ಮನಿಯಲ್ಲಿ ಕಾಗದದ ನಕ್ಷತ್ರವನ್ನು ಅಕ್ಕರೆಯಿಂದ ಉಳಿಸಿ ಬೆಳೆಸಿದವರಲ್ಲಿ ವಾಲ್ಡಾರ್ಫ್ ಶಾಲೆಗಳು ಮುಖ್ಯ. 1919ರಲ್ಲಿ ಸ್ಟುಟ್‌ಗಾರ್ಟ್‌ನ ಸಿಗರೇಟು ಕಾರ್ಖಾನೆಯೊಂದರ ಕೆಲಸಗಾರರ ಮಕ್ಕಳಿಗೆಂದು ರುಡಾಲ್ಫ್ ಸ್ಟೈನರ್ ಮಾರ್ಗದರ್ಶನದಲ್ಲಿ ಶುರುವಾದ ಶಾಲೆಯೇ ಇವುಗಳ ಮೂಲ. ಬೆಂಗಳೂರಿನಲ್ಲೂ ಈ ಪದ್ಧತಿಯ ಶಾಲೆಗಳಿವೆ.

ಇನ್ನು ಮಾಡುವ ಬಗೆ. ಎಂಟು ಮೂಲೆಯ ಸರಳ ನಕ್ಷತ್ರಕ್ಕೆ ಒಂದೇ ಅಳತೆಯ ಎಂಟು ಚೌಕ ಬೇಕು. ಅಂಗೈ ಅಗಲದ್ದಾದರೆ ಮಕ್ಕಳ ಕೈಗೆ ಹೊಂದುತ್ತದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ಬಿಚ್ಚಿ. ನಡುವೆ ಗೆರೆ ಮೂಡುತ್ತದೆ. ಆ ಗೆರೆಯ ಒಂದು ತುದಿಯಲ್ಲಿ ಸೇರುವ ಎರಡೂ ಅಂಚುಗಳನ್ನು ಗೆರೆಗೆ ತಾಗುವಂತೆ ಒಳಕ್ಕೆ ಮಡಿಸಿದರೆ ಒಂದು ತುದಿ ಚೂಪು, ಇನ್ನೊಂದು ಅಗಲವಾದ ಗಾಳಿಪಟದ ಆಕಾರ ಬರುತ್ತದೆ. ಮಡಿಕೆ ಬಿಚ್ಚಿಕೊಳ್ಳದಂತೆ ಗ್ಲೂ ಸ್ಟಿಕ್‌ನಿಂದ ಒಂದೆರಡು ಚುಕ್ಕೆ ಸಾಕು. ಹೀಗೆ ಎಂಟೂ ಆದ ಮೇಲೆ ಅಗಲದ ಮೂಲೆಗಳನ್ನೆಲ್ಲ ಕೇಂದ್ರದಲ್ಲಿ ಸೇರಿಸಬೇಕು. ಎರಡನೆಯದರ ಅಂಚು ಮೊದಲನೆಯದರ ನಡುಗೆರೆಗೆ ಸರಿಯಾಗಿ ಕೂರಬೇಕು. ಹಾಗೇ ಸುತ್ತು ಬಂದು, ಎಂಟನೆಯದರ ಅರ್ಧವನ್ನು ಮೊದಲನೆಯದರ ಅಡಿಗೆ ತೂರಿಸಿದರೆ ಮುಗಿಯಿತು. ಕಿಟಕಿಗೆ ಹಿಡಿದರೆ ನಡುವೆ ತಿಳಿಬಣ್ಣದ ಎಂಟು ಮೂಲೆಯ ಆಕೃತಿ, ಅದರ ಸುತ್ತ ಗಾಢ ಬಣ್ಣ, ಚೂಪು ತುದಿಗಳಲ್ಲಿ ಮತ್ತೆ ತಿಳಿ.

ಇದು ಐದಾರು ವರ್ಷದವರ ಕೆಲಸ. ಎರಡು ಮೂರು ವರ್ಷದ ಮಗುವಿಗೆ ನೇರ ಮಡಿಕೆ ಕಷ್ಟ. ಕಾಗದ ಹರಿಯುವುದೆಂದರೆ ಖುಷಿ. ಹರಿಯಲು ಬಿಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಗದ ಹಿಡಿದು ಎಳೆಯುವಾಗ, ಮುಂದೆ ಬಳಪ ಹಿಡಿಯಬೇಕಾದ ಅದೇ ಬೆರಳುಗಳು ಬಲಗೊಳ್ಳುತ್ತವೆ. ಬಟರ್ ಪೇಪರಿಗೆ ಮೈದಾ ಅಂಟನ್ನು ತೆಳ್ಳಗೆ ಸವರಿ ಕೊಟ್ಟರೆ ಮಗು ಬಣ್ಣದ ಚೂರುಗಳನ್ನು ತನಗೆ ಬೇಕಾದಲ್ಲಿ ಇಡುತ್ತದೆ. ನೀಲಿಯ ಮೇಲೆ ಹಳದಿ ಬಿದ್ದು ಹಸಿರು ಕಂಡಾಗ ನೀವು ಸುಮ್ಮನಿರಿ. ಅದನ್ನು ಮಗುವೇ ನೋಡಿ ನಿಮಗೆ ಹೇಳಬೇಕು. ಒಣಗಿದ ಮೇಲೆ ಸುತ್ತ ಕಪ್ಪು ರಟ್ಟಿನ ಚೌಕಟ್ಟು ಹಾಕಿದರೆ ಬಣ್ಣ ಇನ್ನೂ ಎದ್ದು ಕಾಣುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಕಾಗದ ಹೊಸದೇನಲ್ಲ. ಕರಾವಳಿಯಲ್ಲಿ ದೀಪಾವಳಿಗೆ ಬಿದಿರಿನ ಕಡ್ಡಿ ಕಟ್ಟಿ ಗೂಡುದೀಪಕ್ಕೆ ಹಚ್ಚುವುದು, ಆಷಾಢದ ಗಾಳಿಗೆ ಪಟ ಮಾಡುವುದು ಇಂಥದೇ ಬಣ್ಣದ ತೆಳು ಕಾಗದದಿಂದ. ಗೂಡುದೀಪ ಕಟ್ಟುವ ಮನೆಗಳಲ್ಲಿ ಉಳಿಯುವ ತುಂಡುಗಳನ್ನು ಎಸೆಯದೆ ಮಕ್ಕಳಿಗೆ ಕೊಟ್ಟರೆ ಒಂದು ಕಿಟಕಿಗೆ ಸಾಲುತ್ತದೆ. ಹಳ್ಳಿಮನೆಗಳ ಎಷ್ಟೋ ಕಿಟಕಿಗಳಿಗೆ ಗಾಜಿಲ್ಲ, ಸರಳು ಮಾತ್ರ. ಅಲ್ಲಿ ನಕ್ಷತ್ರವನ್ನು ದಾರದಲ್ಲಿ ಕಟ್ಟಿ ತೂಗುಬಿಡಬಹುದು. ಪೂರ್ವದ ಕಿಟಕಿಯಾದರೆ ಬೆಳಗ್ಗೆ ನೆಲದ ಮೇಲೆ ಬಣ್ಣದ ನೆರಳು ಬೀಳುತ್ತದೆ. ನಮ್ಮ ಬಿಸಿಲು ಜೋರು, ಕೆಲವೇ ವಾರಗಳಲ್ಲಿ ಕಾಗದದ ಬಣ್ಣ ಮಾಸುತ್ತದೆ. ಆಗ ತೆಗೆದು ಹೊಸದು ಮಾಡುವುದೇ ಸರಿ. ಮತ್ತೆ ಮತ್ತೆ ಮಾಡುವುದಕ್ಕೆಂದೇ ಇರುವ ಕೆಲಸವಿದು.

ಒಂದು ಎಚ್ಚರಿಕೆ. ಮಹಡಿ ಮನೆಗಳಲ್ಲಿ ಮಗು ಕಿಟಕಿಗೆ ಹತ್ತಿ ಅಂಟಿಸುವಂತೆ ಆಗಬಾರದು. ಕುರ್ಚಿ, ಸ್ಟೂಲುಗಳನ್ನು ಕಿಟಕಿಯ ಬಳಿ ಬಿಡಬೇಡಿ. ಮಗು ನಿಂತು ಕೈಗೆಟುಕುವ ಎತ್ತರದಲ್ಲೇ, ಭದ್ರವಾಗಿ ಮುಚ್ಚಿದ ಗಾಜಿಗೇ ಅಂಟಿಸಲಿ.

ಅಂಗನವಾಡಿ ಕಾರ್ಯಕರ್ತೆಯರಿಗೆ, ಅಮ್ಮಂದಿರಿಗೆ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರಿಗೆ ನನ್ನದೊಂದು ಕೋರಿಕೆ. ಮಗು ಮಡಿಸಿದ ನಕ್ಷತ್ರದ ಒಂದು ಮೂಲೆ ಉದ್ದ, ಇನ್ನೊಂದು ಗಿಡ್ಡವಾಗಿರುತ್ತದೆ. ಮಗು ಮಲಗಿದ ಮೇಲೆ ಅದನ್ನು ಬಿಚ್ಚಿ ಸರಿಪಡಿಸಲು ಹೋಗಬೇಡಿ. ಹೇಗಿದೆಯೋ ಹಾಗೇ ಗಾಜಿನ ಮೇಲಿರಲಿ.