ನಿಮಗಿದು ಗೊತ್ತೆ? ಓಡುವ ಕ್ವಾರ್ಟರ್‌ಬ್ಯಾಕ್, ನಿಂತು ಎಸೆಯುವ ಕ್ವಾರ್ಟರ್‌ಬ್ಯಾಕ್

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಮುನ್ನವೇ ಎದುರಾಳಿಗಳು ತಂಡದ ಆಕ್ರಮಣವನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ, ಕಳೆದುಕೊಂಡ ಗಜಗಳನ್ನು ಅವನ ಓಟದ ಲೆಕ್ಕದಿಂದಲೇ ಕಳೆಯುತ್ತಾರೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಆ ನಷ್ಟ ತಂಡದ ಪಾಸಿಂಗ್ ಲೆಕ್ಕಕ್ಕೆ ಹೋಗುತ್ತದೆ. ಹೀಗಾಗಿ ಸಹ ಆಟಗಾರರ ರಕ್ಷಣೆಯ ಹಿಂದೆ, ಅಂದರೆ ‘ಪಾಕೆಟ್’ನಲ್ಲಿ ನಿಂತು ಎಸೆಯುವ ಕಾಲೇಜು ಹುಡುಗನ ಇಡೀ ಋತುವಿನ ಓಟ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು!

ಓಡಬಲ್ಲವನನ್ನು ಕೋಚ್‌ಗಳು ಹುಡುಕುವುದೇಕೆ? ಅವನು ಕಣದಲ್ಲಿದ್ದರೆ ಎದುರಾಳಿಗಳು ಇನ್ನೊಬ್ಬ ಓಟಗಾರನ ಮೇಲೂ ಕಣ್ಣಿಡಬೇಕು. ಆದರೆ ಇಂಥ ಹುಡುಗರಿಗೆ ‘ಬೇರೆ ಜಾಗದಲ್ಲಿ ಆಡು’ ಎನ್ನುವ ಒತ್ತಡವೂ ಹೆಚ್ಚು. ಇದು ನಿಜಕ್ಕೂ ಅನ್ಯಾಯ. ಫ್ಲಾರಿಡಾದ ಲಮಾರ್ ಜಾಕ್ಸನ್ ವಿಷಯದಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯದ ಕೋಚ್ ಬಾಬಿ ಪೆಟ್ರಿನೊ, ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿಸುವುದಾಗಿ ಅವನ ತಾಯಿಗೆ ಮಾತು ಕೊಟ್ಟರು. 2016ರಲ್ಲಿ ಜಾಕ್ಸನ್ ಎಸೆತದಿಂದ 3,543 ಗಜ, ಓಟದಿಂದ 1,571 ಗಜ ಗಳಿಸಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ.

ಎಸೆತವನ್ನೇ ನೆಚ್ಚಿದವರ ಕಾಲ ಮುಗಿದಿಲ್ಲ. 2019ರಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ಕ್ವಾರ್ಟರ್‌ಬ್ಯಾಕ್ ಜೋ ಬರೋ 60 ಟಚ್‌ಡೌನ್ ಪಾಸ್ ಎಸೆದು ಅದೇ ಟ್ರೋಫಿ ಪಡೆದ. ತಂಡ 15 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು.