ಸೊಳ್ಳೆಯ ಜಾತಿನಿರ್ಣಯದಲ್ಲಿ ಯಂತ್ರದ ಕಣ್ಣು

ಸೊಳ್ಳೆಯ ಜಾತಿಯನ್ನರಿಯದೆ ರೋಗದ ಮಾರ್ಗವನ್ನರಿಯುವುದು ಸಾಧ್ಯವಲ್ಲವೆಂಬುದಕ್ಕೆ ರೊನಾಲ್ಡ್ ರಾಸನ ಶೋಧವೇ ನಿದರ್ಶನ. 1895ರಿಂದ ಮಲೇರಿಯಾದ ವಾಹಕವನ್ನರಸುತ್ತಿದ್ದ ಆತನು ಬೂದುಬಣ್ಣದ ಮತ್ತು ಪಟ್ಟೆಯುಳ್ಳ ಸೊಳ್ಳೆಗಳನ್ನು ಸೀಳಿ ನೋಡಿದುದೆಲ್ಲವೂ ನಿಷ್ಫಲವಾಯಿತು. ಚುಕ್ಕೆರೆಕ್ಕೆಯ ಅನಾಫಿಲೀಸ್ ದೊರೆತ ಮೇಲೆಯೇ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಅದರ ಜಠರದೊಳಗೆ ರೋಗಾಣುವು ಗೋಚರಿಸಿತು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಅದೇ ನಿಜಾಮರ ಸಂಸ್ಥಾನಕ್ಕೆ ಸೇರಿದ್ದುವು.

ಈ ಸೀಮೆಯಲ್ಲಿ ಜಾತಿನಿರ್ಣಯದ ಪ್ರಯೋಜನವು ಇಂದಿಗೂ ತೀರಿಲ್ಲ. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಕೊಳಚೆಯ ನೀರಿನಲ್ಲಿ ಹುಟ್ಟುವುದು. ಡೆಂಗೆಯನ್ನು ಹರಡುವ ಈಡಿಸ್ ಮನೆಯ ತೊಟ್ಟಿ, ಹರವಿಗಳಲ್ಲಿ ಹುಟ್ಟುವುದು. ಗ್ರಾಮಗಳಲ್ಲಿ ಮಲೇರಿಯಾವನ್ನು ಹರಡುವ ಅನಾಫಿಲೀಸ್ ಕ್ಯೂಲಿಸಿಫೇಸೀಸ್ ಕಾಲುವೆ, ಗದ್ದೆಗಳ ತಿಳಿನೀರನ್ನು ಬಯಸುವುದು. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯು ಶಹಾಪುರ, ಸುರಪುರಗಳ ಹೊಲಗಳಿಗೆ ನೀರನ್ನು ತಂದಿದೆ. ಆನೆಕಾಲು ರೋಗದ ನಿರ್ಮೂಲನಕ್ಕಾಗಿ ಭಾರತ ಸರ್ಕಾರವು 2018ರಲ್ಲಿ ಕೈಗೊಂಡ ತ್ರಿವಿಧೌಷಧ ಯೋಜನೆಗೆ ಮೊದಲು ಆಯ್ದ ಐದು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಜಾತಿಯನ್ನು ತಪ್ಪಾಗಿ ತಿಳಿದರೆ ಚರಂಡಿಯಲ್ಲಿ ಮಾಡಬೇಕಾದ ಕೆಲಸವು ಕಾಲುವೆಯಲ್ಲಿ ನಡೆದು, ಶ್ರಮವೂ ದ್ರವ್ಯವೂ ವ್ಯರ್ಥವಾಗುವುವು.

ಕೀಟಶಾಸ್ತ್ರಜ್ಞರು ಎಲ್ಲ ಊರುಗಳಲ್ಲಿಯೂ ದೊರೆಯುವವರಲ್ಲ. ಆದುದರಿಂದ ಛಾಯಾಚಿತ್ರವನ್ನು ನೋಡಿ ಜಾತಿಯನ್ನು ಹೇಳುವ ಗಣಕಯಂತ್ರಗಳು ರೂಪುಗೊಂಡಿವೆ. ತಜ್ಞರು ಹೆಸರಿಟ್ಟ ಸಹಸ್ರಾರು ಚಿತ್ರಗಳನ್ನು ಯಂತ್ರಕ್ಕೆ ಒದಗಿಸುವರು. ಯಂತ್ರವು ಪ್ರತಿಯೊಂದಕ್ಕೂ ತಾನೊಂದು ಹೆಸರನ್ನು ಊಹಿಸಿ, ತಜ್ಞರಿತ್ತ ಹೆಸರಿನೊಡನೆ ಹೋಲಿಸಿ, ತಪ್ಪಿದಾಗಲೆಲ್ಲ ತನ್ನ ಗಣನೆಯನ್ನು ತಿದ್ದಿಕೊಳ್ಳುವುದು. ರೆಕ್ಕೆಯ ಚುಕ್ಕೆ, ಕಾಲಿನ ಪಟ್ಟೆ ಮೊದಲಾದ ಲಕ್ಷಣಗಳಿಗೆ ಎಷ್ಟು ಬೆಲೆಯನ್ನು ಕೊಡಬೇಕೆಂಬುದು ಹೀಗೆ ನಿಶ್ಚಿತವಾಗುವುದು. ಕಾಲವು ಗೊತ್ತಾದ ಶಾಸನಗಳನ್ನು ನೋಡಿ ಪಳಗಿದವನು ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿಯಿಂದ ಊಹಿಸುವ ರೀತಿಯೂ ಇಂತಹುದೇ. ಮಾದರಿಗಳು ಕೆಲವೇ ಇದ್ದರೆ ಊಹೆಯೂ ದುರ್ಬಲವಾಗುವುದು.

ಆದರೆ ರೂಪದಿಂದ ತಿಳಿಯದ ಸಂಗತಿಗಳೂ ಉಂಟು. ಕ್ಯೂಲಿಸಿಫೇಸೀಸ್ ಎಂಬ ಒಂದೇ ಹೆಸರಿನಲ್ಲಿ ಐದು ಸೋದರ ಜಾತಿಗಳಡಗಿವೆ. ಅವುಗಳಲ್ಲಿ ‘ಬಿ’ ಎಂಬುದು ಮಲೇರಿಯಾವನ್ನು ಹರಡುವುದು ಅತ್ಯಲ್ಪ. ಆದರೂ ಹೊರನೋಟಕ್ಕೆ ಐದೂ ಒಂದೇ. ವರ್ಣತಂತುಗಳ ಅಥವಾ ವಂಶವಾಹಿಗಳ ಪರೀಕ್ಷೆಯಿಂದಲ್ಲದೆ ಭೇದವು ತಿಳಿಯದು. ಕ್ಯೂಲೆಕ್ಸಿನ ಚಿತ್ರವು ಅದರೊಳಗೆ ಆನೆಕಾಲಿನ ಹುಳುವಿದೆಯೇ ಇಲ್ಲವೇ ಎಂಬುದನ್ನೂ ತೋರಿಸಲಾರದು. ಯಂತ್ರವು ಬೀಜಗಳನ್ನು ಬೇರ್ಪಡಿಸುವ ಜರಡಿಯಂತೆ ಮೊದಲ ವಿಂಗಡಣೆಗೆ ಬಹೂಪಯೋಗಿ. ಯಾವ ಸೊಳ್ಳೆಯು ರೋಗವನ್ನು ಹೊತ್ತಿದೆಯೆಂಬ ನಿರ್ಣಯವು ಪ್ರಯೋಗಶಾಲೆಯದು.