ಉಗ್ಗುತ್ತಿದ್ದ ಗಣಿ ಹುಡುಗ ಆರೋಗ್ಯ ಮಂತ್ರಿಯಾದ

ಬ್ರಿಟನ್ನಿನಲ್ಲಿ ಕಾಯಿಲೆ ಬಿದ್ದವರು ಸರ್ಕಾರಿ ಆಸ್ಪತ್ರೆಗೆ ಹೋದರೆ ಮೊದಲು ಬಿಲ್ ಕೌಂಟರ್ ಹುಡುಕಬೇಕಿಲ್ಲ. ಡಾಕ್ಟರ್ ನೋಡುತ್ತಾರೆ, ಆಪರೇಷನ್ ಬೇಕಿದ್ದರೆ ಮಾಡುತ್ತಾರೆ, ವಾಸಿಯಾದ ಮೇಲೆ ಮನೆಗೆ ಕಳಿಸುತ್ತಾರೆ. ಖರ್ಚೆಲ್ಲ ಹೆಚ್ಚುಕಡಿಮೆ ತೆರಿಗೆ ಹಣದಿಂದಲೇ. ಎನ್‌ಎಚ್‌ಎಸ್ ಎಂದು ಕರೆಯುವ ಈ ವ್ಯವಸ್ಥೆಯನ್ನು ನಿಲ್ಲಿಸಿದ ಮಂತ್ರಿ ಡಾಕ್ಟರೂ ಅಲ್ಲ, ಆಕ್ಸ್‌ಫರ್ಡ್‌ನಲ್ಲಿ ಓದಿದವನೂ ಅಲ್ಲ. 13ನೇ ವಯಸ್ಸಿಗೇ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಇಳಿದವನು. ಹೆಸರು ಅನೈರಿನ್ ಬೆವನ್. ಊರಿನವರ ಬಾಯಲ್ಲಿ ‘ನೈ’.

ಬೆವನ್ ಹುಟ್ಟಿದ್ದು 1897ರ ನವೆಂಬರ್ 15ರಂದು, ಸೌತ್ ವೇಲ್ಸ್‌ನ ಟ್ರೆಡೀಗರ್ ಎಂಬ ಗಣಿ ಊರಿನಲ್ಲಿ. ಅಪ್ಪ ಡೇವಿಡ್ ಕೂಡ ಗಣಿ ಕಾರ್ಮಿಕ. ಹತ್ತು ಮಕ್ಕಳಲ್ಲಿ ಈತ ಒಬ್ಬ. ಎಡಗೈ ಹುಡುಗ, ಮೇಲಾಗಿ ಮಾತಿನಲ್ಲಿ ಉಗ್ಗು. ಶಾಲೆಯಲ್ಲಿ ಮೇಷ್ಟರ ಕೈಯಲ್ಲಿ ಸಾಕಷ್ಟು ಅನುಭವಿಸಿದ. ಗಣಿಯೇ ವಾಸಿ ಅನ್ನಿಸಿರಬೇಕು!

ಉಗ್ಗಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನಗೂ ಉಗ್ಗು ಇದೆ. ಬಾಯಿಗೆ ಬಾರದ ಪದ ಎದುರಾದರೆ ಬೆವನ್ ಅದನ್ನು ಬಿಟ್ಟು ಅದೇ ಅರ್ಥದ ಇನ್ನೊಂದು ಪದ ಹಿಡಿಯುತ್ತಿದ್ದ. ಅದಕ್ಕಾಗಿ ಸಮಾನಾರ್ಥಕ ಪದಕೋಶವನ್ನು ಓದುತ್ತಿದ್ದ. ಹೀಗೆ ತಪ್ಪಿಸಿಕೊಳ್ಳುತ್ತಲೇ ಅವನ ಪದಸಂಪತ್ತು ಬೆಳೆಯಿತು, ಮುಂದೆ ಪಾರ್ಲಿಮೆಂಟಿನ ದೊಡ್ಡ ಮಾತುಗಾರರಲ್ಲಿ ಒಬ್ಬನಾದ. ಈ ಉಪಾಯ ಉಗ್ಗುವವರಿಗೆಲ್ಲ ಗೊತ್ತು. ಸೆಮಿನಾರ್‌ನಲ್ಲಿ ‘ಪ್ರೆಷರ್’ ಬಾಯಿಗೆ ಬರದಿದ್ದರೆ ‘ಒತ್ತಡ’ ಎಂದು ನಾನೂ ದಾಟಿಕೊಂಡಿದ್ದೇನೆ. ಆದರೆ ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದೇ ಹೆಸರು. ಹೆಸರಿಗೆ ಸಮಾನಾರ್ಥಕ ಪದ ಯಾವ ಕೋಶದಲ್ಲೂ ಇಲ್ಲ. ಹಾಗಾಗಿ ಉಗ್ಗು ಗೆದ್ದವರ ಕಥೆಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಬೆವನ್ ಕಥೆ ಹಿಡಿಸಿದ್ದು ಅವನ ಉಗ್ಗು ಪೂರ್ತಿ ಹೋಯಿತು ಎಂದಲ್ಲ, ಉಗ್ಗು ಇರುವಾಗಲೇ ಸಭೆಗಳಲ್ಲಿ ಎದ್ದು ನಿಂತ ಎಂದು.

ಟ್ರೆಡೀಗರ್‌ನಲ್ಲಿ ಕಾರ್ಮಿಕರೇ ಕೂಲಿಯಿಂದ ಪುಡಿಗಾಸು ಹಾಕಿ ನಡೆಸುತ್ತಿದ್ದ ಲೈಬ್ರರಿ ಇತ್ತು. ಗಣಿಯ ಪಾಳಿ ಮುಗಿಸಿ ಬಂದವನ ನಿಜವಾದ ಕಾಲೇಜು ಅದೇ. 19 ದಾಟುವಷ್ಟರಲ್ಲಿ ಕಾರ್ಮಿಕ ಸಂಘದ ಸ್ಥಳೀಯ ಘಟಕದ ಮುಖಂಡ. 1919ರಲ್ಲಿ ಸಂಘದ ಸ್ಕಾಲರ್‌ಶಿಪ್ ಸಿಕ್ಕಿ ಲಂಡನ್ನಿನ ಸೆಂಟ್ರಲ್ ಲೇಬರ್ ಕಾಲೇಜಿನಲ್ಲಿ ಎರಡು ವರ್ಷ ಓದಿದ.

ಓದಿ ಊರಿಗೆ ಬಂದರೆ ಕೆಲಸ ಇಲ್ಲ! ಕಲ್ಲಿದ್ದಲು ವ್ಯಾಪಾರ ಕುಸಿದಿತ್ತು, ಜಗಳಗಂಟ ಸಂಘದವನಿಗೆ ಕಂಪನಿ ಕೆಲಸ ಕೊಡಲೂ ಇಲ್ಲ. 1921ರಿಂದ ಸುಮಾರು ಮೂರು ವರ್ಷ ನಿರುದ್ಯೋಗಿ. ಆಮೇಲೆ ಒಂದು ಗಣಿಯಲ್ಲಿ ಸಿಕ್ಕ ಕೆಲಸವೂ ಗಣಿ ಮುಚ್ಚಿದ್ದರಿಂದ ಕೆಲವೇ ತಿಂಗಳಿಗೆ ಹೋಯಿತು. ಮನೆಯಲ್ಲಿ ತಂಗಿ ದುಡಿಯುತ್ತಾಳೆ ಎಂಬ ಕಾರಣಕ್ಕೆ ನಿರುದ್ಯೋಗ ಭತ್ಯೆಯೂ ನಿಂತಿತು. ತಂಗಿಯ ದುಡಿಮೆಯಲ್ಲಿ ಊಟ ಮಾಡುವ ಓದಿದ ಅಣ್ಣ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಕಾಲದಲ್ಲೇ, 1922ರಲ್ಲಿ, ಆತ ಊರಿನ ಸ್ಥಳೀಯ ಸಂಸ್ಥೆಗೆ ಸದಸ್ಯನಾಗಿ ಗೆದ್ದ. ಬೇರೆಯವರ ಅರ್ಜಿ ಬರೆಯುವುದು, ಕಚೇರಿಗೆ ಹೋಗಿ ವಾದಿಸುವುದು ದಿನದ ಕೆಲಸವಾಯಿತು.

1925ರಲ್ಲಿ ಅಪ್ಪ ತೀರಿಕೊಂಡ. ಜೀವನವಿಡೀ ಎಳೆದುಕೊಂಡ ಕಲ್ಲಿದ್ದಲು ಧೂಳು ಶ್ವಾಸಕೋಶ ತಿಂದಿತ್ತು. ಆಗಿನ ಕಾನೂನಿನಲ್ಲಿ ಅದು ಪರಿಹಾರಕ್ಕೆ ಅರ್ಹವಾದ ಕಾಯಿಲೆಯೇ ಅಲ್ಲ. ಮನೆಗೆ ಒಂದು ಪೆನ್ನಿಯೂ ಬರಲಿಲ್ಲ.

1929ರಲ್ಲಿ ಎಬ್ಬೂ ವೇಲ್ ಕ್ಷೇತ್ರದಿಂದ ಲೇಬರ್ ಪಕ್ಷದ ಸಂಸದನಾದ. ಸಾಯುವವರೆಗೂ ಆ ಕ್ಷೇತ್ರ ಕೈಬಿಡಲಿಲ್ಲ. ಯುದ್ಧದ ನಡುವೆಯೂ ಚರ್ಚಿಲ್‌ರನ್ನು ಎದ್ದು ಪ್ರಶ್ನಿಸುತ್ತಿದ್ದ. ಭಾರತದ ಸ್ವಾತಂತ್ರ್ಯದ ಪರ ಇದ್ದ, ನೆಹರೂ ಅವರಿಗೆ ಸ್ನೇಹಿತ. 1945ರಲ್ಲಿ ಅಟ್ಲೀ ಸರ್ಕಾರ ಬಂದಾಗ ಆರೋಗ್ಯ ಮಂತ್ರಿ.

ಟ್ರೆಡೀಗರ್‌ನಲ್ಲಿ ಒಂದು ವೈದ್ಯಕೀಯ ನೆರವು ಸಂಘ ಇತ್ತು. ಕಾರ್ಮಿಕರು ಕೂಲಿಯಲ್ಲಿ ಸಣ್ಣ ಪಾಲು ಕೊಟ್ಟರೆ ಮನೆಮಂದಿಗೆಲ್ಲ ಡಾಕ್ಟರು, ಔಷಧಿ. ಕಾದಂಬರಿಕಾರ ಎ.ಜೆ. ಕ್ರೋನಿನ್ ಕೂಡ ಅಲ್ಲಿ ವೈದ್ಯನಾಗಿದ್ದವನೇ. ಸಣ್ಣ ಊರಿಗೆ ಆಗುವುದು ದೇಶಕ್ಕೇಕೆ ಆಗಬಾರದು ಎಂಬುದು ಬೆವನ್ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೋಟೋಟೈಪ್ ಊರಲ್ಲೇ ಓಡುತ್ತಿತ್ತು!

ಆದರೆ ಡಾಕ್ಟರುಗಳೇ ತಿರುಗಿಬಿದ್ದರು. ಸರ್ಕಾರದ ಸಂಬಳದಾಳಾಗಲು ಅವರಿಗೆ ಇಷ್ಟವಿರಲಿಲ್ಲ. 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ನಡೆಸಿದ ಮತದಾನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬೇಡ ಎಂದರು. ಯೋಜನೆ ಶುರುವಾಗಲು ಇದ್ದದ್ದು ಐದು ತಿಂಗಳು ಮಾತ್ರ. ಬೆವನ್ ಎದುರಾಳಿಗಳನ್ನು ಒಡೆದ. ದೊಡ್ಡ ಆಸ್ಪತ್ರೆಗಳ ತಜ್ಞರಿಗೆ ಖಾಸಗಿ ಪ್ರಾಕ್ಟೀಸ್ ಮುಂದುವರಿಸಲು ಬಿಟ್ಟ, ಸರ್ಕಾರಿ ಆಸ್ಪತ್ರೆಯಲ್ಲೇ ಹಣ ಕೊಡುವ ರೋಗಿಗಳಿಗೆ ಹಾಸಿಗೆ ಇಟ್ಟುಕೊಳ್ಳಲೂ ಒಪ್ಪಿದ. ಊರ ಡಾಕ್ಟರುಗಳಿಗೆ ಪೂರ್ಣ ಸಂಬಳದ ನೌಕರರಾಗಿಸುವುದಿಲ್ಲ ಎಂದು ಮಾತು ಕೊಟ್ಟ. ಸಮಾಜವಾದಿಗೆ ಇದು ಕಹಿ ಔಷಧಿಯೇ. ಆದರೂ ನನಗೆ ಸರಿ ಎನ್ನಿಸುತ್ತದೆ. ಜುಲೈ 5ರಂದು ಯೋಜನೆ ಜಾರಿಗೆ ಬಂದಾಗ ಬಹುಪಾಲು ಡಾಕ್ಟರುಗಳು ಸೇರಿದ್ದರು. 2,600ಕ್ಕೂ ಹೆಚ್ಚು ಆಸ್ಪತ್ರೆಗಳು ಸರ್ಕಾರದ ಕೈಗೆ ಬಂದವು.

ನಾಲಿಗೆ ಮಾತ್ರ ಅವನ ಶತ್ರು. ಆ ದಿನದ ಹಿಂದಿನ ಸಂಜೆಯೇ ಮ್ಯಾಂಚೆಸ್ಟರ್‌ನಲ್ಲಿ ಟೋರಿಗಳನ್ನು ಕ್ರಿಮಿಗಳಿಗಿಂತ ಕಡೆ ಎಂದು ಬೈದು, ಮರುದಿನದ ಸಂಭ್ರಮವನ್ನು ತಾನೇ ಅರ್ಧ ಕೆಡಿಸಿಕೊಂಡ. ಪಕ್ಷದೊಳಗೂ ಜಗಳ. 1951ರಲ್ಲಿ ಹಣಕಾಸು ಮಂತ್ರಿ ಗೇಟ್‌ಸ್ಕೆಲ್, ಯುದ್ಧ ಸಿದ್ಧತೆಯ ಖರ್ಚು ಹೊಂದಿಸಲು ಕಟ್ಟಿಸಿದ ಹಲ್ಲಿಗೂ ಕನ್ನಡಕಕ್ಕೂ ಜನರಿಂದ ಅರ್ಧ ದುಡ್ಡು ಪಡೆಯಲು ಹೊರಟಾಗ ಬೆವನ್ ರಾಜೀನಾಮೆ ಕೊಟ್ಟ. ಒಂದು ಕನ್ನಡಕಕ್ಕಾಗಿ ಮಂತ್ರಿಗಿರಿ ಬಿಡುವುದೇ ಎಂದು ಅನೇಕರು ಹಟಮಾರಿ ಎಂದರು. ಮತ್ತೆಂದೂ ಮಂತ್ರಿಯಾಗಲಿಲ್ಲ.

1960ರ ಜುಲೈ 6ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡ, ವಯಸ್ಸು 62. ಸ್ಕಾಟ್ಲೆಂಡಿನ ಗಣಿ ಕಾರ್ಮಿಕನ ಮಗಳಾದ ಪತ್ನಿ ಜೆನ್ನಿ ಲೀ ಮುಂದೆ ಮಂತ್ರಿಯಾಗಿ, ಮನೆಯಲ್ಲೇ ಕುಳಿತು ಡಿಗ್ರಿ ಓದಬಹುದಾದ ಓಪನ್ ಯೂನಿವರ್ಸಿಟಿ ಸ್ಥಾಪನೆಗೆ ಓಡಾಡಿದಳು. ಟ್ರೆಡೀಗರ್ ಮೇಲಿನ ಗುಡ್ಡದಲ್ಲಿ ಬೆವನ್ ಬಯಲಿನಲ್ಲಿ ನಿಂತು ಜನರಿಗೆ ಭಾಷಣ ಮಾಡುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಕಲ್ಲುಗಳಿವೆ. ಒಂದು ಅವನಿಗೆ, ಉಳಿದ ಮೂರು ಅವನ ಕ್ಷೇತ್ರದ ಊರುಗಳಿಗೆ.